ಪ್ರತಿಫಲನ: ಬಾವಿಯ ನೀರಿನಲ್ಲಿ, ಟಿಪ್ಪಣಿ ಪುಸ್ತಕದಲ್ಲಿ

ಪ್ರಶ್ನೆ: ಮಾಷ್ಟ್ರೇ, ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವಳು, ಕನ್ನಡ ಮಾಧ್ಯಮದಲ್ಲಿ ಶಿಕ್ಷಕ ತರಬೇತಿ ಪಡೆಯುತ್ತಿದ್ದೇನೆ. ಅಭ್ಯಾಸ ಪಾಠಕ್ಕೆ ಹೋದ ಶಾಲೆಯಲ್ಲಿ ಎಂಟನೆಯ ತರಗತಿಗೆ ‘ಬೆಳಕಿನ ಪ್ರತಿಫಲನ’ ಎಂಬ ಪಾಠ ಮಾಡಿದೆ. ಅದೇ ಸಂಜೆ ಆ ಪಾಠದ ಕುರಿತು ‘ಪ್ರತಿಫಲನಾತ್ಮಕ ಟಿಪ್ಪಣಿ’ ಬರೆಯಬೇಕಿತ್ತು. ತರಗತಿಯಲ್ಲಿ ನಡೆದದ್ದನ್ನೆಲ್ಲ ಬಿಡದೆ ಬರೆದೆ. ‘ಇದು ವರದಿ, ಪ್ರತಿಫಲನವಲ್ಲ’ ಎಂಬ ಷರಾದೊಂದಿಗೆ ಪುಸ್ತಕ ಹಿಂದೆ ಬಂತು. ಕನ್ನಡಿ ಇದ್ದದ್ದನ್ನು ಇದ್ದ ಹಾಗೆ ತೋರಿಸುವುದಾದರೆ ನಾನು ಮಾಡಿದ್ದರಲ್ಲಿ ತಪ್ಪೇನು? ಬೆಳಕಿಗೂ ಯೋಚನೆಗೂ ಒಂದೇ ಪದ ಹೇಗೆ ಬಂತು, ಅವೆರಡಕ್ಕೂ ನಿಜವಾಗಿ ಸಂಬಂಧವಿದೆಯೆ? ಇನ್ನೊಂದು ವಿಷಯ. ‘ಕನ್ನಡಿ ಎಡಬಲ ಬದಲಾಯಿಸುತ್ತದೆ, ಮೇಲೆ ಕೆಳಗೆ ಯಾಕೆ ಬದಲಾಯಿಸುವುದಿಲ್ಲ?’ ಎಂದು ಹುಡುಗನೊಬ್ಬ ಕೇಳಿದ. ‘ಅದು ಕನ್ನಡಿಯ ಗುಣ’ ಎಂದು ಹೇಳಿ ಪಾಠ ಮುಂದುವರಿಸಿದೆ. ಅದಕ್ಕೆ ಸರಿಯಾದ ಉತ್ತರವೇನು?

ಉತ್ತರ: ನಿಮ್ಮ ತಕರಾರು ನ್ಯಾಯವಾದದ್ದೇ. ಬಂದದ್ದನ್ನು ಬಂದಂತೆ ಹಿಂದಕ್ಕೆ ಕಳುಹಿಸುವುದೇ ಪ್ರತಿಫಲನವೆಂದು ಬೆಳಿಗ್ಗೆ ಮಕ್ಕಳಿಗೆ ಕಲಿಸಿದ ನೀವು, ಸಂಜೆ ಅದೇ ಹೆಸರಿನ ಟಿಪ್ಪಣಿಯಲ್ಲಿ ನಡೆದದ್ದನ್ನು ನಡೆದಂತೆ ಬರೆದಿರಿ. ಪದಕ್ಕೆ ನಿಷ್ಠರಾಗಿಯೇ ನಡೆದುಕೊಂಡಿರಿ. ದೋಷವಿರುವುದು ಪದದ ಆಯ್ಕೆಯಲ್ಲಿ. ಇಂಗ್ಲಿಷಿನ ‘ರಿಫ್ಲೆಕ್ಷನ್’ ಎಂಬ ಮಾತಿಗೆ ಲ್ಯಾಟಿನ್ ಮೂಲದಲ್ಲಿ ‘ಹಿಂದಕ್ಕೆ ಬಾಗಿಸು’ ಎಂಬಷ್ಟೇ ಅರ್ಥವಿರುವುದರಿಂದ, ಗಾಜಿಗೆ ತಾಗಿದ ಬೆಳಕು ತಿರುಗುವುದಕ್ಕೂ ಹೊರಗನ್ನು ನೋಡುತ್ತಿದ್ದ ಮನಸ್ಸು ತನ್ನ ಕಡೆಗೆ ತಿರುಗುವುದಕ್ಕೂ ಆ ಒಂದೇ ಮಾತು ಅಲ್ಲಿ ಒದಗಿತು. ನಮ್ಮ ‘ಪ್ರತಿಫಲನ’ದ ಹುಟ್ಟು ಬೇರೆ. ಸಂಸ್ಕೃತದ ‘ಪ್ರತಿಫಲತಿ’ ಎಂದರೆ ತಾಗಿ ಪುಟಿಯುತ್ತದೆ, ಬಿಂಬವಾಗಿ ತೋರುತ್ತದೆ ಎಂದು. ಕುಳಿತು ಯೋಚಿಸುವುದು ಎಂಬ ಅರ್ಥ ಅದಕ್ಕೆ ರೂಢಿಯಲ್ಲಿ ಇರಲಿಲ್ಲ. ಶಿಕ್ಷಣಶಾಸ್ತ್ರದ ಪಠ್ಯಗಳನ್ನು ಅನುವಾದಿಸಿದವರು ಭೌತಶಾಸ್ತ್ರದ ಪಾರಿಭಾಷಿಕ ಪದವನ್ನು ಎತ್ತಿ ಇಲ್ಲಿಗೆ ತಂದಿರಿಸಿದರು, ಅಷ್ಟೆ. ಗಡಿನಾಡಿನ ನಮಗೆ ಇನ್ನೊಂದು ತೊಡಕೂ ಇದೆ: ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ‘ಪ್ರತಿಫಲ’ವೆಂದರೆ ಮಾಡಿದ ಕೆಲಸಕ್ಕೆ ಸಿಗುವ ಸಂಭಾವನೆಯಾದ್ದರಿಂದ, ಬರೆಯುವಾಗ ಕೊನೆಯ ‘ನ’ ಬಿಟ್ಟುಹೋದರೆ ಬೆಳಕಿನ ಪಾಠವು ಸಂಬಳದ ಪಾಠವಾಗಿಬಿಡುತ್ತದೆ.

ಆದರೆ ಪದವನ್ನು ದೂರುವ ಮೊದಲು ಕನ್ನಡಿ ಮಾಡುವ ಕೆಲಸವೇನೆಂಬುದನ್ನು ನೋಡಬೇಕು. ಅದು ನಾವು ತಿಳಿದುಕೊಂಡಷ್ಟು ಸರಳವಲ್ಲ. ಮನೆಯ ಬಾವಿಗೆ ಬಗ್ಗಿ ನೋಡಿ. ನಿಮ್ಮ ಮುಖ ಕಾಣುತ್ತದೆ, ಮುಖದ ಸುತ್ತ ಬಾವಿಯ ಬಾಯಿಯಷ್ಟು ಆಕಾಶ ಕಾಣುತ್ತದೆ, ತಳ ಕಾಣುವುದಿಲ್ಲ. ಬಿಂಬ ಇಷ್ಟು ಸ್ಪಷ್ಟವಾಗಿರುವಾಗ ನೀರು ತನ್ನ ಮೇಲೆ ಬಿದ್ದ ಬೆಳಕನ್ನೆಲ್ಲ ಹಿಂದಕ್ಕೆ ಕಳುಹಿಸುತ್ತಿದೆ ಎಂದೇ ತೋರುತ್ತದೆ. ಲೆಕ್ಕ ಹಾಗಿಲ್ಲ. ನೆಟ್ಟಗೆ ಮೇಲಿನಿಂದ ಬಿದ್ದ ಬೆಳಕಿನಲ್ಲಿ ನೀರಿನ ಮೈ ಪ್ರತಿಫಲಿಸುವುದು ನೂರಕ್ಕೆ ಸುಮಾರು 2 ಪಾಲನ್ನು ಮಾತ್ರ. ಉಳಿದ 98 ಪಾಲು ನೀರಿನೊಳಕ್ಕೆ ಇಳಿದುಹೋಗುತ್ತದೆ. ಕತ್ತಲು ತುಂಬಿದ ತಳದಿಂದ ಮೇಲಕ್ಕೆ ಬರುವ ಬೆಳಕು ಆ 2 ಪಾಲಿಗಿಂತಲೂ ಕಡಿಮೆ ಇರುವುದರಿಂದ ಮುಖ ಗೆಲ್ಲುತ್ತದೆ, ತಳ ಸೋಲುತ್ತದೆ. ಕೊಡಪಾನ ಬಾವಿಗೆ ಬಿದ್ದಾಗ ಪಾತಾಳಗರಡಿ ಇಳಿಸುವ ಮೊದಲು ಹಿರಿಯರು ಅಂಗಳದಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಬಾವಿಯೊಳಕ್ಕೆ ತಿರುಗಿಸುತ್ತಿದ್ದುದನ್ನು ನೀವೂ ನೋಡಿರಬಹುದು. ತಳಕ್ಕೆ ಸಾಕಷ್ಟು ಬೆಳಕು ಮುಟ್ಟಿದೊಡನೆ ನೀರಿನ ಮೇಲಿನ ಮುಖ ಮಸುಕಾಗಿ ಕೊಡಪಾನ ಕಾಣಿಸುತ್ತದೆ. ಒಂದು ಪ್ರತಿಫಲನದಿಂದ ಇನ್ನೊಂದು ಪ್ರತಿಫಲನವನ್ನು ಸೋಲಿಸುವ ಈ ಉಪಾಯ ಎಷ್ಟು ಜಾಣತನದ್ದೆಂಬುದು, ಭೌತಶಾಸ್ತ್ರವನ್ನು ಬಹಳ ವರ್ಷ ಪಾಠ ಮಾಡಿದ ಮೇಲೆಯೇ ನನಗೆ ಹೊಳೆದದ್ದು.

ಈಗ ಅದೇ ಬಾವಿಯ ಸುಣ್ಣ ಬಳಿದ ಕಟ್ಟೆಯನ್ನು ನೋಡಿ. ಸುಣ್ಣವು ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಹಿಂದಕ್ಕೆ ಕೊಡುತ್ತದೆ. ಬಿಳಿಯಾಗಿ ಕಾಣುವುದೆಂದರೆ ಅದೇ. ಆದರೂ ಅದರಲ್ಲಿ ಮುಖ ನೋಡಿ ಯಾರೂ ತಲೆ ಬಾಚಿಕೊಳ್ಳಲಾರರು. ನೂರಕ್ಕೆ 2 ಪಾಲು ಹಿಂದಿರುಗಿಸುವ ನೀರು ಕನ್ನಡಿಯಾಗುತ್ತದೆ, ಬಹುಪಾಲನ್ನು ಹಿಂದಿರುಗಿಸುವ ಸುಣ್ಣ ಗೋಡೆಯಾಗಿಯೇ ಉಳಿಯುತ್ತದೆ ಎಂದ ಮೇಲೆ, ಬಿಂಬ ಮೂಡುವುದಕ್ಕೆ ಎಷ್ಟು ಬೆಳಕು ಮರಳಿತು ಎಂಬುದಕ್ಕಿಂತ ಅದು ಯಾವ ಕ್ರಮದಲ್ಲಿ ಮರಳಿತು ಎಂಬುದೇ ಮುಖ್ಯವಾಯಿತು. ಸುಣ್ಣದ ಒಂದೊಂದು ಕಣದ ಮೇಲೆಯೂ ಬೆಳಕು ತನ್ನ ನಿಯಮದಂತೆಯೇ ನಡೆಯುತ್ತದೆ. ಆದರೆ ಕಣಗಳು ಒಂದೊಂದೂ ಒಂದೊಂದು ಕಡೆಗೆ ಮುಖ ಮಾಡಿರುವುದರಿಂದ ಅಕ್ಕಪಕ್ಕದಲ್ಲಿ ಬಂದ ಕಿರಣಗಳು ಚೆಲ್ಲಾಪಿಲ್ಲಿಯಾಗಿ ಹೊರಡುತ್ತವೆ. ಈ ಏರುತಗ್ಗುಗಳನ್ನು ಅಳೆಯಬೇಕಾದ ಕೋಲು ಬೆಳಕಿನ ತರಂಗದೂರ. ಕಣ್ಣಿಗೆ ಕಾಣುವ ಬೆಳಕಿನ ತರಂಗದೂರ ಸುಮಾರು 400ರಿಂದ 700 ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಏರುತಗ್ಗುಗಳು ಅದಕ್ಕಿಂತ ಬಹಳ ಚಿಕ್ಕದಾಗಿದ್ದರೆ ಆ ಮೈ ಬೆಳಕಿನ ಪಾಲಿಗೆ ನಯ, ಇಲ್ಲವಾದರೆ ಒರಟು. ಅಳೆಯುವ ಕೋಲು ಬದಲಾದರೆ ತೀರ್ಪೂ ಬದಲಾಗುತ್ತದೆ. ಬೇಕಲ ಕೋಟೆಯ ಮುರಕಲ್ಲಿನ ಗೋಡೆ ಬೆಳಕಿಗೆ ಬಹಳ ಒರಟು. ಆದರೆ ಸೆಕೆಂಡಿಗೆ 340 ಸಲ ಕಂಪಿಸುವ ಧ್ವನಿಯ ತರಂಗದೂರ ಗಾಳಿಯಲ್ಲಿ ಸುಮಾರು 1 ಮೀಟರ್ ಇರುವುದರಿಂದ, ಕಲ್ಲಿನ ಬೆರಳು ಹೊಗುವಷ್ಟು ದೊಡ್ಡ ತೂತುಗಳೂ ಆ ಧ್ವನಿಗೆ ಲೆಕ್ಕಕ್ಕಿಲ್ಲ. ಸುಮಾರು 17 ಮೀಟರಿಗಿಂತ ದೂರ ನಿಂತು ಕೂಗಿದರೆ ಅದೇ ಗೋಡೆ ಧ್ವನಿಯ ಕನ್ನಡಿಯಾಗಿ ನಿಮ್ಮ ಕೂಗನ್ನು ಪ್ರತ್ಯೇಕವಾಗಿ ಕೇಳುವಂತೆ ಮರಳಿಸೀತು.

ಬೇಕಲದ ಮಾತು ಬಂದದ್ದರಿಂದ ಇನ್ನೊಂದನ್ನು ಸೇರಿಸುತ್ತೇನೆ. ಸಂಜೆ ಕೋಟೆಯ ಮೇಲೆ ನಿಂತರೆ ಸೂರ್ಯನಿಂದ ನಿಮ್ಮ ಕಾಲಬುಡದವರೆಗೆ ಕಡಲಿನ ಮೇಲೆ ಹೊಳೆಯುವ ಹಾದಿಯೊಂದು ಕಾಣುತ್ತದೆ. ಮಧ್ಯಾಹ್ನ ನೂರಕ್ಕೆ 2 ಪಾಲನ್ನಷ್ಟೇ ಮರಳಿಸುತ್ತಿದ್ದ ನೀರು, ಬೆಳಕು ಓರೆಯಾಗಿ ಬಿದ್ದಷ್ಟೂ ಹೆಚ್ಚು ಮರಳಿಸುತ್ತದೆ: ಪತನಕೋನ (ನೀರಿನ ಮೈಗೆ ಲಂಬವಾದ ಗೆರೆಯಿಂದ ಅಳೆದ ಓರೆ) 60 ಡಿಗ್ರಿಯಾದಾಗ ಸುಮಾರು 6 ಪಾಲು, 80 ಡಿಗ್ರಿಯಾದಾಗ ಸುಮಾರು 35 ಪಾಲು. ಆ ಹಾದಿ ಒಂದೇ ಬಿಂಬವಲ್ಲ. ಅಲೆಗಳ ಸಾವಿರಾರು ಮುಖಗಳಲ್ಲಿ ಯಾವುವು ಆ ಕ್ಷಣಕ್ಕೆ ಸರಿಯಾದ ಓರೆಯಲ್ಲಿವೆಯೋ ಅವುಗಳಲ್ಲಿ ಮೂಡಿದ ಸೂರ್ಯನ ಚೂರುಗಳ ಸಾಲು. ನಿಮ್ಮಿಂದ ನೂರು ಹೆಜ್ಜೆ ಆಚೆ ನಿಂತವರಿಗೆ ಬೇರೆಯೇ ಹಾದಿ ಕಾಣುತ್ತದೆ. ನೋಡುವವರು ಎಲ್ಲಿದ್ದಾರೆ ಎಂಬುದನ್ನು ಬಿಟ್ಟು ಪ್ರತಿಫಲನದ ಮಾತಾಡುವುದು ಭೌತಶಾಸ್ತ್ರದಲ್ಲಿಯೂ ಪೂರ್ತಿ ಸಾಧ್ಯವಿಲ್ಲ.

ಇನ್ನು ಪಠ್ಯದಲ್ಲಿರುವ ಚಿತ್ರದ ವಿಷಯ. ಕಿರಣವೊಂದು ಬಂದು ಗೋಡೆಗೆ ಎಸೆದ ಚೆಂಡಿನಂತೆ ಪುಟಿದು ಹೋಗುವ ಹಾಗೆ ಅದರಲ್ಲಿ ಬರೆದಿರುತ್ತದೆ. ಪತನಕೋನವೂ ಪ್ರತಿಫಲನಕೋನವೂ ಸಮವೆಂದು ತೋರಿಸಲು ಅಷ್ಟು ಸಾಕು, ಎಂಟನೆಯ ತರಗತಿಗೂ ಅಷ್ಟು ಸಾಕು; ಆದರೆ ಕನ್ನಡಿಯಲ್ಲಿ ನಡೆಯುವುದು ಅದಲ್ಲ. ಬಂದ ಬೆಳಕಿನ ತರಂಗವು ಕನ್ನಡಿಯ ಲೋಹದಲ್ಲಿರುವ ಇಲೆಕ್ಟ್ರಾನುಗಳನ್ನು ತನ್ನ ತಾಳಕ್ಕೆ ತೂಗಾಡಿಸುತ್ತದೆ. ತೂಗಾಡುವ ಇಲೆಕ್ಟ್ರಾನುಗಳು ತಾವೇ ಬೆಳಕನ್ನು ಹೊರಡಿಸುತ್ತವೆ. ಅಸಂಖ್ಯ ಇಲೆಕ್ಟ್ರಾನುಗಳಿಂದ ಹೊರಟ ತರಂಗಗಳು ಲೋಹದ ಒಳಗೆ ಹೋದಂತೆ ಮೂಲ ತರಂಗವನ್ನು ಅಳಿಸಿಹಾಕುತ್ತವೆ, ಹೊರಗೆ ಒಂದೇ ಒಂದು ದಿಕ್ಕಿನಲ್ಲಿ ಒಟ್ಟುಗೂಡುತ್ತವೆ, ಮತ್ತು ಆ ದಿಕ್ಕೇ ಸಮಕೋನದ ದಿಕ್ಕು. ಹಾಗಾದರೆ ಕನ್ನಡಿಯಿಂದ ನಿಮ್ಮ ಕಣ್ಣಿಗೆ ಬಂದದ್ದು ಹಿಂದಿರುಗಿದ ಹಳೆಯ ಬೆಳಕಲ್ಲ, ಕನ್ನಡಿ ಕೊಟ್ಟ ಮರುಮಾತು ಎನ್ನಬಹುದು. ಮನಸ್ಸಿನ ಕೆಲಸಕ್ಕೆ ಇದು ಹತ್ತಿರ ಬಂದಂತೆ ಕಾಣುತ್ತದೆ. ಆದರೆ ಆತುರಪಡಬಾರದು, ಏಕೆಂದರೆ ಆ ಮರುಮಾತಿನಲ್ಲಿ ಕನ್ನಡಿಗೆ ಆಯ್ಕೆಯೇ ಇಲ್ಲ. ಸಾವಿರ ಮುಖಗಳನ್ನು ತೋರಿಸಿದ ಕನ್ನಡಿಯಲ್ಲಿ ಆ ಸಾವಿರದ ಗುರುತು ಒಂದೂ ಉಳಿದಿರುವುದಿಲ್ಲ. ಪ್ರತಿವರ್ಷ ಬಿಸುವಿನ (ಸೌರಮಾನ ಯುಗಾದಿಯ) ಕಣಿಯಲ್ಲಿ ಇಟ್ಟ ಕನ್ನಡಿ ಮನೆಯ ಮೂರು ತಲೆಮಾರನ್ನು ನೋಡಿದೆ ಎಂದು ನಾವು ಪ್ರೀತಿಯಿಂದ ಹೇಳಿಕೊಳ್ಳಬಹುದು; ಕನ್ನಡಿ ಏನನ್ನೂ ನೋಡಿಲ್ಲ.

ಬಿಂಬ ಕಾಣುವ ಜಾಗದಲ್ಲಿ ಏನಿದೆ ಎಂಬುದನ್ನೂ ಕೇಳಬೇಕು. ಗೋಡೆಗೆ ತೂಗುಹಾಕಿದ ಕನ್ನಡಿಯಲ್ಲಿ ನಿಮ್ಮ ಮುಖವು ಕನ್ನಡಿಯ ಹಿಂದೆ, ನೀವು ಎಷ್ಟು ಮುಂದೆ ನಿಂತಿದ್ದೀರೋ ಅಷ್ಟೇ ದೂರದಲ್ಲಿ ಇದ್ದ ಹಾಗೆ ಕಾಣುತ್ತದೆ. ಅಲ್ಲಿರುವುದು ಗೋಡೆ, ಬೆಳಕಿನ ಒಂದು ಕಿರಣವೂ ಅಲ್ಲಿಗೆ ಹೋಗಿಲ್ಲ. ಕಣ್ಣಿಗೆ ಬಂದ ಕಿರಣಗಳನ್ನು ನೇರವಾಗಿ ಹಿಂದಕ್ಕೆ ಎಳೆದು ಅಲ್ಲಿಂದ ಬಂದವೆಂದು ಮನಸ್ಸು ತೀರ್ಮಾನಿಸುತ್ತದೆ. ಪಠ್ಯಪುಸ್ತಕ ಇದನ್ನು ಮಿಥ್ಯಾಬಿಂಬ ಎನ್ನುತ್ತದೆ, ನಮ್ಮ ಜನ ಕನ್ನಡಿಯೊಳಗಿನ ಗಂಟು ಎನ್ನುತ್ತಾರೆ. ನುಡಿಗಟ್ಟು ಪರಿಭಾಷೆಗಿಂತ ಚೆನ್ನಾಗಿದೆ ಎಂದು ನನ್ನ ಅಭಿಪ್ರಾಯ: ಗಂಟು ಸುಳ್ಳೆಂದು ಅದು ಹೇಳುವುದಿಲ್ಲ, ಕೈಗೆ ಸಿಗುವುದಿಲ್ಲ ಎಂದಷ್ಟೇ ಹೇಳುತ್ತದೆ.

ಈಗ ಎರಡೂ ಅರ್ಥಗಳು ಒಂದೇ ಘಟನೆಯಲ್ಲಿ ಎದುರುಬದುರಾದ ಒಂದು ಪ್ರಸಂಗಕ್ಕೆ ಬರುತ್ತೇನೆ. ಆಳವಾದ ಕಡಲು ನೀಲಿಯಾಗಿ ಕಾಣುವುದು ಆಕಾಶದ ನೀಲಿ ಅದರಲ್ಲಿ ಪ್ರತಿಫಲಿಸುವುದರಿಂದ ಎಂದು ಬೆಳಕಿನ ಶಾಸ್ತ್ರದಲ್ಲಿ ದೊಡ್ಡ ಹೆಸರಾದ ಲಾರ್ಡ್ ರೇಲಿ ಹೇಳಿದ್ದರು. 1921ರಲ್ಲಿ ಇಂಗ್ಲೆಂಡಿಗೆ ಹೋಗಿ ಬಂದ ಚಂದ್ರಶೇಖರ ವೆಂಕಟ ರಾಮನ್ ಅವರಿಗೆ ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ಕಂಡ ಮೇಲೆ ಆ ವಿವರಣೆ ಸಾಲದೆನಿಸಿತು. ಹಿಂದಿರುಗುವಾಗ ‘ನಾರ್ಕುಂಡಾ’ ಎಂಬ ಹಡಗಿನ ಮೇಲಿನಿಂದ ಅವರು ಕಡಲನ್ನು, ಒಂದೇ ಸಮತಲದಲ್ಲಿ ಕಂಪಿಸುವ ಬೆಳಕನ್ನಷ್ಟೇ ಒಳಬಿಡುವ ನಿಕೋಲ್ ಪಟ್ಟಕದ ಮೂಲಕ ನೋಡಿದರು. ನೀರಿನ ಮೇಲೆ ಸುಮಾರು 53 ಡಿಗ್ರಿ ಪತನಕೋನದಲ್ಲಿ ಬಿದ್ದು ಪ್ರತಿಫಲಿಸಿದ ಬೆಳಕು ಒಂದೇ ಸಮತಲದಲ್ಲಿ ಕಂಪಿಸುವಂಥದ್ದಾಗಿರುತ್ತದೆ; ಪಟ್ಟಕವನ್ನು ತಕ್ಕಂತೆ ತಿರುಗಿಸಿದರೆ ಆ ಬೆಳಕನ್ನು ಪೂರ್ತಿ ತಡೆಯಬಹುದು. ನೀಲಿಯು ಬರಿಯ ಪ್ರತಿಫಲನವಾಗಿದ್ದರೆ ಆಗ ಅದು ಮಾಯವಾಗಬೇಕಿತ್ತು. ಮಾಯವಾಗಲಿಲ್ಲ; ಮೇಲಿನ ಹೊಳಪು ಹೋದ ಕಡಲು ಇನ್ನಷ್ಟು ಗಾಢವಾದ ನೀಲಿಯಾಗಿ ಕಂಡಿತು. ಆ ಬಣ್ಣ ನೀರಿನ ಒಳಗಿನಿಂದಲೇ, ನೀರಿನ ಅಣುಗಳು ಬೆಳಕನ್ನು ಚದರಿಸುವುದರಿಂದ ಬರುತ್ತದೆ ಎಂದು ಅವರು ಅದೇ ವರ್ಷ ಪ್ರಕಟಿಸಿದರು. ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವುದೂ ಆ ನೀಲಿಗೆ ದೊಡ್ಡ ಕಾರಣವೆಂದು ಇಂದು ನಮಗೆ ಗೊತ್ತಿದೆ. ಅಲ್ಲಿಂದ ಹಿಡಿದ ಎಳೆಯೇ 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮವೆಂದು ಹೆಸರಾದ ಶೋಧಕ್ಕೆ ಒಯ್ದಿತು. ಈ ಪ್ರಸಂಗದಲ್ಲಿ ಮೊದಲ ಅರ್ಥದ ಪ್ರತಿಫಲನ ಕಡಲಿನ ಮೈಮೇಲೆ ನಡೆಯುತ್ತಿತ್ತು; ಎರಡನೆಯ ಅರ್ಥದ್ದು ಹಡಗಿನ ಕಟಕಟೆಗೆ ಒರಗಿ ನಿಂತವರಲ್ಲಿ ನಡೆಯುತ್ತಿತ್ತು, ಮತ್ತು ಅದು ಶುರುವಾದದ್ದೇ ಮೊದಲನೆಯದನ್ನು ಉತ್ತರವೆಂದು ಒಪ್ಪದೆ ಇದ್ದಾಗ.

ಯೋಚನೆಗೆ ‘ರಿಫ್ಲೆಕ್ಷನ್’ ಎಂಬ ಮಾತನ್ನು ಯೂರೋಪಿನ ದರ್ಶನದಲ್ಲಿ ಗಟ್ಟಿಯಾಗಿ ಊರಿದವರಲ್ಲಿ ಜಾನ್ ಲಾಕ್ ಮುಖ್ಯ. ನಮ್ಮ ತಿಳಿವಳಿಕೆಗೆ ಎರಡೇ ಊಟೆಗಳೆಂದು 17ನೆಯ ಶತಮಾನದ ಕೊನೆಯಲ್ಲಿ ಅವರು ವಾದಿಸಿದರು: ಒಂದು, ಇಂದ್ರಿಯಗಳ ಮೂಲಕ ಹೊರಗಿನಿಂದ ಬರುವುದು, ಇನ್ನೊಂದು, ಮನಸ್ಸು ತನ್ನದೇ ಕೆಲಸಗಳನ್ನು, ಎಂದರೆ ನೆನೆಯುವುದನ್ನು, ಸಂಶಯಪಡುವುದನ್ನು, ನಂಬುವುದನ್ನು ಗಮನಿಸಿ ಪಡೆಯುವುದು. ಈ ಎರಡನೆಯದಕ್ಕೆ ಅವರು ಇಟ್ಟ ಹೆಸರು ‘ರಿಫ್ಲೆಕ್ಷನ್’. ಇಲ್ಲಿ ಹೋಲಿಕೆ ನಿಂತಿರುವುದು ಒಂದೇ ಕಾಲಿನ ಮೇಲೆ, ತಿರುಗುವಿಕೆಯ ಮೇಲೆ, ಎಂಬುದನ್ನು ಗಮನಿಸಿ. ಕನ್ನಡಿಯಲ್ಲಿ ತಿರುಗುವುದು ಬೆಳಕು, ನೋಡುವವನು ಬೇರೆ ಇರುತ್ತಾನೆ. ಮನಸ್ಸಿನಲ್ಲಿ ತಿರುಗಿದ್ದೂ ನೋಡುವುದೂ ಒಂದೇ. ನಿಮ್ಮ ಟಿಪ್ಪಣಿ ಪುಸ್ತಕದ ವಂಶಾವಳಿ ಮಾತ್ರ ಇನ್ನೂ ಈಚಿನದು. ಒಂದು ನಂಬಿಕೆಯನ್ನು ಅದಕ್ಕೆ ಆಧಾರವೇನು, ಅದರಿಂದ ಮುಂದೆ ಏನು ಹೊರಡುತ್ತದೆ ಎಂದು ಪಟ್ಟು ಹಿಡಿದು ಪರಿಶೀಲಿಸುವುದನ್ನೇ ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ 1910ರಲ್ಲಿ ಈ ಹೆಸರಿನಿಂದ ಕರೆದರು; ಕೆಲಸ ಮಾಡುತ್ತಿರುವಾಗಲೇ ನಡೆಯುವ ಇಂಥ ಯೋಚನೆಯನ್ನು ಕೆಲಸ ಮುಗಿದ ಮೇಲೆ ನಡೆಯುವುದರಿಂದ ಡೊನಾಲ್ಡ್ ಶೋನ್ 1983ರಲ್ಲಿ ಬೇರ್ಪಡಿಸಿ ತೋರಿಸಿದರು. ಶಿಕ್ಷಕರ ತರಬೇತಿಗೆ ಈ ವಿಚಾರ ಹಬ್ಬಿದ್ದು ಮುಖ್ಯವಾಗಿ ಇವರಿಬ್ಬರ ದಾರಿಯಲ್ಲಿ. ಇಬ್ಬರ ಮಾತಿನಲ್ಲಿಯೂ ಕನ್ನಡಿಗೆ ಹೆಚ್ಚು ಕೆಲಸವಿಲ್ಲ.

ಆದರೆ ನಮ್ಮಲ್ಲಿ ಇದಕ್ಕಿಂತ ಬಹಳ ಹಳೆಯ ಕಥೆಯೊಂದಿದೆ, ಅದರಲ್ಲಿ ಎರಡು ಅರ್ಥಗಳೂ ಅಕ್ಕಪಕ್ಕದಲ್ಲಿ ನಿಂತಿವೆ. ಛಾಂದೋಗ್ಯ ಉಪನಿಷತ್ತಿನ ಎಂಟನೆಯ ಅಧ್ಯಾಯದಲ್ಲಿ ದೇವತೆಗಳ ಪರವಾಗಿ ಇಂದ್ರನೂ ಅಸುರರ ಪರವಾಗಿ ವಿರೋಚನನೂ ಆತ್ಮವನ್ನು ತಿಳಿಯಲು ಪ್ರಜಾಪತಿಯ ಬಳಿಗೆ ಬರುತ್ತಾರೆ. 32 ವರ್ಷ ಬ್ರಹ್ಮಚರ್ಯದಲ್ಲಿ ಇದ್ದ ಮೇಲೆ, ನೀರು ತುಂಬಿದ ಪಾತ್ರೆಯಲ್ಲಿ ನೋಡಿಕೊಳ್ಳಿರೆಂದು ಪ್ರಜಾಪತಿ ಹೇಳುತ್ತಾನೆ. ಕೂದಲಿನಿಂದ ಉಗುರಿನವರೆಗೆ ನಮ್ಮದೇ ಪ್ರತಿರೂಪ ಕಾಣುತ್ತಿದೆ ಎಂದು ಇಬ್ಬರೂ ಹೇಳುತ್ತಾರೆ. ಒಡವೆ ವಸ್ತ್ರ ತೊಟ್ಟು ಬಂದು ನೋಡಿದರೆ ಒಡವೆ ವಸ್ತ್ರ ತೊಟ್ಟ ಪ್ರತಿರೂಪ ಕಾಣುತ್ತದೆ. ಇಬ್ಬರೂ ಸಮಾಧಾನದಿಂದ ಹೊರಡುತ್ತಾರೆ. ವಿರೋಚನ ನೇರ ಮನೆಗೆ ಹೋಗಿ, ಈ ದೇಹವೇ ಆತ್ಮ, ಇದನ್ನೇ ಪೂಜಿಸಬೇಕೆಂದು ತನ್ನವರಿಗೆ ಸಾರುತ್ತಾನೆ. ಇಂದ್ರನಿಗೆ ಮಾತ್ರ ದಾರಿಯಲ್ಲಿ ಸಂಶಯ ಬರುತ್ತದೆ: ದೇಹ ಸಿಂಗರಿಸಿಕೊಂಡರೆ ಬಿಂಬವೂ ಸಿಂಗರಿಸಿಕೊಳ್ಳುವುದಾದರೆ, ದೇಹ ಕುರುಡಾದಾಗ ಬಿಂಬವೂ ಕುರುಡಾದೀತು, ದೇಹ ನಾಶವಾದಾಗ ಅದೂ ನಾಶವಾದೀತು, ಇದರಲ್ಲಿ ನನಗೆ ಹಿತ ಕಾಣುವುದಿಲ್ಲ. ಅವನು ಅರ್ಧ ದಾರಿಯಿಂದ, ಶಿಷ್ಯನಾಗುವವನಂತೆ ಸಮಿತ್ತು (ಹೋಮದ ಕಟ್ಟಿಗೆ) ಹಿಡಿದು ಹಿಂದಿರುಗುತ್ತಾನೆ, ಮತ್ತೆ ಮತ್ತೆ ಹಿಂದಿರುಗುತ್ತಾನೆ, ಒಟ್ಟು 101 ವರ್ಷ ಕಳೆಯುತ್ತಾನೆ. ಪಾತ್ರೆಯ ನೀರು ಇಬ್ಬರಿಗೂ ಒಂದೇ ಬಗೆಯಲ್ಲಿ ಕೆಲಸ ಮಾಡಿತ್ತು. ವಿರೋಚನ ತಂದದ್ದು ಪ್ರತಿಫಲನವನ್ನು. ಇಂದ್ರ ಮಾಡಿದ್ದು ಮನನವನ್ನು. ನಿಮ್ಮ ಪುಸ್ತಕದ ಮೇಲೆ ಷರಾ ಬರೆದವರು ಕೇಳುತ್ತಿರುವುದು ಎರಡನೆಯದನ್ನು, ಆದರೆ ಹೆಸರಿಟ್ಟದ್ದು ಮೊದಲನೆಯದರದ್ದು.

‘ಮನನ’ವೆಂಬುದು ಹೊಸದಾಗಿ ಕಟ್ಟಬೇಕಾದ ಪದವಲ್ಲ. ಕೇಳಬೇಕು, ಮನನ ಮಾಡಬೇಕು, ನಿದಿಧ್ಯಾಸನ (ಎಡೆಬಿಡದ ಧ್ಯಾನ) ಮಾಡಬೇಕು ಎಂದು ಯಾಜ್ಞವಲ್ಕ್ಯ ಮೈತ್ರೇಯಿಗೆ ಹೇಳಿದ ಬೃಹದಾರಣ್ಯಕದ ಮಾತಿನಿಂದ ಅದು ನಮ್ಮಲ್ಲಿದೆ. ಕೇಳಿದ್ದನ್ನು ಯುಕ್ತಿಯಿಂದ ತಿರುವಿ ನೋಡುವುದೆಂದು ಅದರ ಅರ್ಥ. ಅಷ್ಟು ಮೇಲಕ್ಕೆ ಹೋಗಬೇಕಾಗಿಯೂ ಇಲ್ಲ. ಹಟ್ಟಿಯಲ್ಲಿ ಹಸು ಮಾಡುವುದನ್ನು ನೋಡಿ ‘ಮೆಲುಕು ಹಾಕುವುದು’ ಎಂದು ಕನ್ನಡ ಹೇಳಿತು. ನಡೆದುಹೋಗುವ ಸಿಂಹ ಕತ್ತು ತಿರುಗಿಸಿ ಬಂದ ದಾರಿಯನ್ನು ನೋಡುವುದರಿಂದ ‘ಸಿಂಹಾವಲೋಕನ’ವೆಂಬ ಮಾತು ಬಂತು. ಇವೆಲ್ಲಕ್ಕಿಂತ ನನಗೆ ಆಶ್ಚರ್ಯವೆನಿಸುವುದು ನಮ್ಮ ಕ್ರಿಯಾಪದದ ಕೊನೆಯಲ್ಲಿ ಸದ್ದಿಲ್ಲದೆ ಕುಳಿತಿರುವ ‘ಕೊಳ್ಳು’. ನೋಡುವುದು ಹೊರಗಿನದನ್ನು, ನೋಡಿಕೊಳ್ಳುವುದು ತನ್ನನ್ನು. ಕೇಳುವುದು ಇನ್ನೊಬ್ಬರನ್ನು, ತನ್ನನ್ನೇ ಕೇಳಿಕೊಳ್ಳುವುದೂ ಉಂಟು. ತಿಳಿಸುವುದು ಬೇರೆಯವರಿಗೆ, ತಿಳಿದುಕೊಳ್ಳುವುದು ತಾನು. ಕ್ರಿಯೆಯ ಫಲವನ್ನು ಮಾಡಿದವರ ಕಡೆಗೇ ತಿರುಗಿಸುವ ಈ ಪ್ರತ್ಯಯದಂಥ ಸಹಾಯಕ ಧಾತು ಇರುವ ಭಾಷೆಯಲ್ಲಿ, ಮನಸ್ಸು ತನ್ನ ಕಡೆಗೆ ತಿರುಗುವುದನ್ನು ಹೇಳಲು ಕನ್ನಡಿಯ ಸಾಲ ಬೇಕಾಗಿರಲಿಲ್ಲ.

ನಮ್ಮ ಜಿಲ್ಲೆಯಲ್ಲಿ ಕುಳಿತು ಬಿಂಬ ಪ್ರತಿಬಿಂಬಗಳ ಮಾತಾಡುವಾಗ ಇನ್ನೊಂದು ಅರ್ಥವನ್ನು ಬಿಡುವಂತಿಲ್ಲ. 13ನೆಯ ಶತಮಾನದಲ್ಲಿ ಕುಂಬಳೆಯ ಅರಸ ಜಯಸಿಂಹನ ಸೀಮೆಯಲ್ಲಿ, ಆಗ ಅದ್ವೈತಿಯಾಗಿದ್ದ ತ್ರಿವಿಕ್ರಮ ಪಂಡಿತಾಚಾರ್ಯರು ಮಧ್ವಾಚಾರ್ಯರೊಡನೆ ವಾದ ಮಾಡಿ ಕೊನೆಗೆ ಅವರ ಶಿಷ್ಯರಾದದ್ದನ್ನು ತ್ರಿವಿಕ್ರಮರ ಮಗ ನಾರಾಯಣ ಪಂಡಿತಾಚಾರ್ಯರು ಸುಮಧ್ವವಿಜಯದಲ್ಲಿ ಬರೆದಿದ್ದಾರೆ. ಶಂಕರರ ಶಿಷ್ಯ ತೋಟಕಾಚಾರ್ಯರ ಪರಂಪರೆಯ ಅದ್ವೈತದ ಎಡನೀರು ಮಠವೂ ಇದೇ ಜಿಲ್ಲೆಯಲ್ಲಿದೆ. ಜೀವನು ‘ಆಭಾಸ’, ಎಂದರೆ ತೋರಿಕೆ, ಎಂಬ ಬ್ರಹ್ಮಸೂತ್ರದ ಮಾತನ್ನು ಎರಡು ಪಕ್ಷಗಳೂ ಬಿಂಬದ ಹೋಲಿಕೆಯಿಂದಲೇ ವಿವರಿಸುತ್ತವೆ, ಆದರೆ ಕನ್ನಡಿಯಿಂದ ಎತ್ತಿಕೊಳ್ಳುವುದು ಬೇರೆ ಬೇರೆ. ಬಿಂಬವೂ ಪ್ರತಿಬಿಂಬವೂ ವಸ್ತುತಃ ಒಂದೇ, ಎರಡೆಂದು ತೋರುವುದು ಕನ್ನಡಿಯೆಂಬ ಉಪಾಧಿಯಿಂದ, ಎಂದರೆ ನಡುವೆ ಬಂದ ನಿಮಿತ್ತದಿಂದ, ಎಂದು ಅದ್ವೈತದ ವಿವರಣ ಪ್ರಸ್ಥಾನವೆಂಬ ಶಾಖೆ ಹೇಳಿದರೆ, ಪ್ರತಿಬಿಂಬವು ಬಿಂಬವನ್ನು ಹೋಲುತ್ತದೆ, ಅದರ ಅಧೀನವಾಗಿರುತ್ತದೆ, ಆದರೆ ಎಂದಿಗೂ ಅದರಿಂದ ಬೇರೆಯೇ ಎಂದು ದ್ವೈತ ಹೇಳುತ್ತದೆ. ಕನ್ನಡಿಯ ಹಿಂದೆ ಎರಡನೆಯ ಮುಖ ಇಲ್ಲವೆನ್ನುವ ಭೌತಶಾಸ್ತ್ರವನ್ನು ಮೊದಲಿನವರ ಸಾಕ್ಷಿಗೆ ಕರೆಯಬಹುದು. ಮುಖ ಅಲುಗದೆ ಬಿಂಬ ಅಲುಗದು ಎನ್ನುವ ಅದೇ ಭೌತಶಾಸ್ತ್ರವನ್ನು ಎರಡನೆಯವರ ಸಾಕ್ಷಿಗೂ ಕರೆಯಬಹುದು. ಎರಡು ಕಡೆಗೂ ಸಾಕ್ಷಿ ಹೇಳುವವರಿಂದ ತೀರ್ಪು ಹೊರಡುವುದಿಲ್ಲ. ಅಲ್ಲದೆ ಇಲ್ಲಿ ಚರ್ಚೆಗೆ ಬಂದದ್ದು ಜೀವಾತ್ಮನ ಸ್ವರೂಪವೇ ಹೊರತು ಯೋಚನೆಯ ಸ್ವರೂಪವಲ್ಲ.

ಯೋಚನೆಯ ಸ್ವರೂಪಕ್ಕೆ ಸಂಬಂಧಿಸಿ ನಾನು ಓದಿದವುಗಳಲ್ಲಿ ಅತ್ಯಂತ ನಿಖರವಾದ ಮಾತು 10ನೆಯ ಶತಮಾನದ ಕಾಶ್ಮೀರದ ಶೈವ ದಾರ್ಶನಿಕ ಉತ್ಪಲದೇವನದು. ಪ್ರಕಾಶದ, ಎಂದರೆ ಅರಿವಿನ ಬೆಳಕಿನ, ಸ್ವಭಾವವೇ ವಿಮರ್ಶ, ಎಂದರೆ ತನ್ನನ್ನು ತಾನು ಅರಿತುಕೊಳ್ಳುವುದು. ಅದಿಲ್ಲದಿದ್ದರೆ ಪ್ರಕಾಶವು ವಸ್ತುಗಳ ಬಣ್ಣವನ್ನು ತಾಳಿದರೂ ಸ್ಫಟಿಕದಂತೆ ಜಡವಾಗಿಯೇ ಇರುತ್ತಿತ್ತು ಎಂದು ಅವನು ತನ್ನ ಈಶ್ವರಪ್ರತ್ಯಭಿಜ್ಞಾಕಾರಿಕೆಯಲ್ಲಿ ಹೇಳುತ್ತಾನೆ. ಸ್ಫಟಿಕದ ಪಕ್ಕದಲ್ಲಿ ದಾಸವಾಳವಿಟ್ಟರೆ ಸ್ಫಟಿಕ ಕೆಂಪಾಗುತ್ತದೆ. ಆದರೆ ‘ನಾನು ಕೆಂಪನ್ನು ಕಾಣುತ್ತಿದ್ದೇನೆ’ ಎಂದು ಅದು ತನ್ನನ್ನು ಮುಟ್ಟಿ ನೋಡಿಕೊಳ್ಳುವುದಿಲ್ಲ. ‘ವಿಮರ್ಶ’ದ ಧಾತುವಿಗೆ ಮುಟ್ಟುವುದು, ತಡವುವುದು ಎಂಬ ಅರ್ಥವಿದೆ. ಅದೇ ಶಬ್ದ ‘ವಿಮರ್ಶೆ’ಯಾಗಿ ಕನ್ನಡದಲ್ಲಿ ಪುಸ್ತಕಗಳ ಗುಣದೋಷ ಹೇಳುವ ಕೆಲಸಕ್ಕೆ ಸೀಮಿತವಾದದ್ದು ನಷ್ಟವೇ ಸರಿ. ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಹೀಗೆ: ಬೆಳಕಿನ ಪ್ರತಿಫಲನಕ್ಕೂ ಮನಸ್ಸಿನ ಮನನಕ್ಕೂ ತಿರುಗಿ ಬರುವುದೊಂದು ಸಮಾನ, ಆದರೆ ಕನ್ನಡಿಯಿಂದ ತಿರುಗಿ ಬಂದದ್ದು ಹೋದದ್ದಕ್ಕಿಂತ ಎಂದಿಗೂ ಹೆಚ್ಚಾಗಿರುವುದಿಲ್ಲ, ಬೆಳ್ಳಿಯ ಉತ್ತಮ ಕನ್ನಡಿಯಲ್ಲಿಯೂ ನೂರಕ್ಕೆ ಸುಮಾರು 5 ಪಾಲು ಕಡಿಮೆಯೇ, ಮನನದಿಂದ ತಿರುಗಿ ಬಂದದ್ದರಲ್ಲಿ ಹೋಗುವಾಗ ಇಲ್ಲದಿದ್ದ ಏನಾದರೂ ಇರಬೇಕು. ಸಂಸ್ಥೆಯ ನಮೂನೆಯಲ್ಲಿ ‘ಪ್ರತಿಫಲನಾತ್ಮಕ ಟಿಪ್ಪಣಿ’ ಎಂದು ಅಚ್ಚಾಗಿದ್ದರೆ ಅದನ್ನು ಹೊಡೆದುಹಾಕಲು ನೀವು ಹೋಗಬೇಡಿ, ಅಂಕ ಕೊಡುವವರು ಅವರು. ನಿಮ್ಮ ಮನಸ್ಸಿನಲ್ಲಿ ಮಾತ್ರ ‘ಮನನ ಟಿಪ್ಪಣಿ’ ಎಂದು ಓದಿಕೊಂಡು ಬರೆಯಿರಿ.

ಏನು ಬರೆಯುವುದು ಎಂದರೆ, ನಿಮ್ಮ ಪತ್ರದ ಕೊನೆಯ ಮೂರು ಸಾಲುಗಳಲ್ಲಿಯೇ ಅದು ಇದೆ. ಆ ಹುಡುಗನ ಪ್ರಶ್ನೆಗೆ ‘ಅದು ಕನ್ನಡಿಯ ಗುಣ’ ಎಂದು ನೀವು ಹೇಳಿದಾಗ ಗಂಟೆ ಹೊಡೆಯುವ ಹೊತ್ತಾಗಿತ್ತೆ, ಅಥವಾ ಉತ್ತರ ಗೊತ್ತಿರಲಿಲ್ಲವೆ, ಅಥವಾ ಉತ್ತರ ಗೊತ್ತಿದೆಯೆಂದೇ ಭಾವಿಸಿದ್ದಿರಾ? ಮೂರರಲ್ಲಿ ಯಾವುದೆಂದು ನಿಮಗೊಬ್ಬರಿಗೇ ಗೊತ್ತು, ಮತ್ತು ಟಿಪ್ಪಣಿ ಅಲ್ಲಿಂದ ಶುರುವಾಗಬೇಕು. ಎಡಬಲ ಬದಲಾಗುತ್ತದೆ ಎಂಬ ಮಾತನ್ನು ಅವನ ತಲೆಗೆ ಹಾಕಿದವರು ಬಹುಶಃ ನಾವೇ, ಪಠ್ಯ ಬರೆದವರು ಮತ್ತು ಪಾಠ ಮಾಡಿದವರು. ಕನ್ನಡಿ ಎಡಬಲವನ್ನು ಬದಲಾಯಿಸುವುದಿಲ್ಲ. ಉತ್ತರ ದಿಕ್ಕಿನ ಗೋಡೆಯ ಕನ್ನಡಿಯ ಎದುರು ನಿಂತು ಪೂರ್ವಕ್ಕೆ ಕೈ ತೋರಿಸಿ, ಬಿಂಬವೂ ಪೂರ್ವಕ್ಕೇ ತೋರಿಸುತ್ತದೆ. ಮೇಲಕ್ಕೆ ತೋರಿಸಿ, ಅದೂ ಮೇಲಕ್ಕೇ ತೋರಿಸುತ್ತದೆ. ನೇರ ಕನ್ನಡಿಯ ಕಡೆಗೆ, ಉತ್ತರಕ್ಕೆ ತೋರಿಸಿ, ಬಿಂಬ ಮಾತ್ರ ದಕ್ಷಿಣಕ್ಕೆ, ನಿಮ್ಮ ಕಡೆಗೆ ತೋರಿಸುತ್ತದೆ. ಕನ್ನಡಿ ತಿರುವುಮುರುವು ಮಾಡುವುದು ತನ್ನ ಮೈಗೆ ಲಂಬವಾಗಿರುವ ಆ ಒಂದು ದಿಕ್ಕನ್ನು, ಎಂದರೆ ಮುಂದು ಹಿಂದನ್ನು. ಬಿಂಬವನ್ನು ನಮ್ಮ ಎದುರಿಗೆ ತಿರುಗಿ ನಿಂತ ಇನ್ನೊಬ್ಬ ಮನುಷ್ಯನೆಂದು ಭಾವಿಸಿಕೊಂಡು ಅವನ ಎಡಗೈ ಯಾವುದು, ಬಲಗೈ ಯಾವುದು ಎಂದು ಲೆಕ್ಕ ಹಾಕುವವರು ನಾವು. ಪಲ್ಲಟ ಹುಟ್ಟುವುದು ಆ ಲೆಕ್ಕದಲ್ಲಿ. ಆಂಬುಲೆನ್ಸಿನ ಮುಂಭಾಗದ ಅಕ್ಷರಗಳೂ ಹಾಗೆಯೇ: ಮುಂದಿನ ವಾಹನದ ಕನ್ನಡಿಯಲ್ಲಿ ಓದುವಂತಾಗಲು ಅವನ್ನು ತಿರುಗಿಸಿ ಬರೆಯಬೇಕಾಗುವುದು, ಕಾಗದವನ್ನು ಕನ್ನಡಿಗೆ ತೋರಿಸುವಾಗ ನಾವೇ ಅದನ್ನು ಬಲದಿಂದ ಎಡಕ್ಕೆ ಹೊರಳಿಸಿ ಹಿಡಿಯುವಂತೆ, ಆಂಬುಲೆನ್ಸಿನ ಮುಖ ನಮ್ಮ ಹಿಂದಿನಿಂದ ಮುಂದಕ್ಕೆ ತಿರುಗಿರುವುದರಿಂದ.

ಮೇಲೆ ಕೆಳಗು ಬದಲಾಗುವ ಕನ್ನಡಿಯೂ ಉಂಟು, ಮತ್ತು ಅದು ನಿಮ್ಮ ಊರಿನಿಂದ ದೂರವಿಲ್ಲ. ಕುಂಬಳೆಯ ಹತ್ತಿರ ಅನಂತಪುರದ ಕೆರೆಯ ದಂಡೆಯಲ್ಲಿ ಗಾಳಿಯಿಲ್ಲದ ಬೆಳಿಗ್ಗೆ ಆ ಹುಡುಗನನ್ನೂ ಅವನ ತರಗತಿಯನ್ನೂ ನಿಲ್ಲಿಸಿ, ನೀರಿನ ನಡುವಿನ ಗುಡಿಯ ಮಾಡು (ಸೂರು) ಬಿಂಬದಲ್ಲಿ ಯಾವ ಕಡೆಗೆ ಮುಖ ಮಾಡಿದೆ ಎಂದು ಕೇಳಿ. ನೀರಿನ ಮೈಗೆ ಲಂಬವೆಂದರೆ ಮೇಲೆ ಕೆಳಗು. ಹುಡುಗ ಏನು ಹೇಳುತ್ತಾನೆಂಬುದನ್ನು ಅವನ ಮಾತಿನಲ್ಲಿಯೇ ಬರೆದುಕೊಳ್ಳಿ, ಅದರ ಕೆಳಗೆ ಅಂದು ನೀವು ಕೊಟ್ಟಿದ್ದ ಉತ್ತರವನ್ನೂ ಬರೆಯಿರಿ.